ಮೋರಿಯಿಲ್ಲದ ರಸ್ತೆ

ಚಾಮರಾಜನಗರ
೧೨-೪-೧೯೫೫

ಅಕ್ಕನಿಗೆ ತಮ್ಮ ನೀಲಕಂಠಸ್ವಾಮಿಯ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ಹೋಟೆಲ್ ಊಟಕ್ಕೆ ಸೊರಗಿದ್ದೇನೆ ಎಂದು ಬರೆದರೆ ನೀನು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವವಳು, ಆದ್ದರಿಂದ ಆ ಸುದ್ದಿ ಬಿಟ್ಟಿದ್ದೇನೆ. ಭಾವನವರ ಮಂಡಿನೋವು ಈಗ ಹೇಗಿದೆ?

ಒಂದು ಒಳ್ಳೆಯ ಸುದ್ದಿ ಇದೆ, ಮೊದಲು ನಿನಗೇ ಹೇಳುತ್ತಿದ್ದೇನೆ. ನಿಮ್ಮ ಬಿಳಿಗಲ್ಲಹುಂಡಿಯ ಮುಂದಿನ ಅರ್ಧ ಮೈಲಿ ರಸ್ತೆಯನ್ನು ಹೊಸ ರೀತಿಯಲ್ಲಿ ಕಟ್ಟುವ ಕೆಲಸವನ್ನು ನನಗೆ ವಹಿಸಿದ್ದಾರೆ. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ಪ್ರತಿ ಮಳೆಗಾಲದಲ್ಲೂ ಅಲ್ಲೇ ಹೂತುಕೊಳ್ಳುವುದು ನಿನಗೆ ಗೊತ್ತು. ಎಷ್ಟು ಜಲ್ಲಿ ಸುರಿದರೂ ಎರೆಮಣ್ಣು ನುಂಗಿಬಿಡುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಹೊಡೆದರೆ ಈ ಚಾಳಿ ಬಿಡುತ್ತದಂತೆ. ನಂಬಿಕೆ ಬಾರದಿದ್ದರೆ ನೀನೇ ಮಾಡಿ ನೋಡು. ಎರೆಮಣ್ಣಿನ ಉಂಡೆಯೊಂದನ್ನು ಲೋಟದ ನೀರಿಗೆ ಹಾಕಿದರೆ ಕಣ್ಣೆದುರೇ ಬಿಚ್ಚಿಕೊಂಡು ಕೆಸರಾಗುತ್ತದೆ. ಅದೇ ಮಣ್ಣಿಗೆ ಒಂದಿಷ್ಟು ಸುಣ್ಣ ಬೆರೆಸಿ ಉಂಡೆ ಕಟ್ಟಿ, ಒಂದು ವಾರ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಆಮೇಲೆ ನೀರಿಗೆ ಹಾಕು. ಉಂಡೆ ಉಂಡೆಯಾಗಿಯೇ ಇರುತ್ತದೆ. ಇದು ಗೆದ್ದರೆ ಇಡೀ ತಾಲ್ಲೂಕಿನ ಎರೆಭೂಮಿಯಲ್ಲೆಲ್ಲ ಹೀಗೇ ರಸ್ತೆ ಮಾಡುತ್ತಾರೆ.

ತೊಡಕು ಒಂದೇ. ನಿಮ್ಮ ಕೆರೆಯ ಕಾಲುವೆ ಆ ತಗ್ಗಿನಲ್ಲಿ ರಸ್ತೆಯ ಮೇಲೆಯೇ ಅಡ್ಡ ಹರಿದು ಕೆಳಬಯಲಿಗೆ ಹೋಗುತ್ತದೆ. ಸುಣ್ಣದ ಮಣ್ಣು ಗಟ್ಟಿಯಾಗಿ ಮೊದಲ ಮಳೆಗಾಲ ಕಳೆಯುವವರೆಗೆ ಅಲ್ಲಿ ಕಾಲುವೆ ನೀರು ಸುಳಿಯಕೂಡದು. ಕೆಳಬಯಲಿನವರು ದೀಪಾವಳಿಯವರೆಗೆ ಕಾಲುವೆ ಮುಚ್ಚಲು ಒಪ್ಪಬೇಕು. ಮಳೆ ಇರುವಾಗ ಅವರ ಅರಿಶಿನಕ್ಕೆ ಕೆರೆ ನೀರಿನ ಹಂಗಿಲ್ಲವಲ್ಲ. ದೀಪಾವಳಿಯ ಹೊತ್ತಿಗೆ ರಸ್ತೆಯಡಿಯಲ್ಲಿ ಕಲ್ಲಿನ ಮೋರಿ ಕಟ್ಟಿಸಿ ನೀರು ದಾಟಿಸಿಕೊಡುತ್ತೇನೆ. ಇಲಾಖೆಯವರು ಹೋಗಿ ಕೇಳಿದರೆ ಅವರು ಗುದ್ದಲಿ ಎತ್ತಿಕೊಂಡು ಬರುತ್ತಾರೆ. ನೀನು ಕೇಳಿದರೆ ಇಲ್ಲ ಎನ್ನಲಾರರು. ನಿಮ್ಮೂರ ಕೆರೆಯಲ್ಲಿ ನನಗೆ ಈಜು ಕಲಿಸಿದ ಕೆಂಪಯ್ಯ ಇದ್ದಾನಲ್ಲ, ಅವನಿಗೆ ನನ್ನ ಹೆಸರು ಹೇಳು.

ಅವ್ವ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದವಳು ನೀನು. ಇನ್ನೊಂದು ಸಲ ಹೊತ್ತುಬಿಡು.

ಇಂತಿ ನಿನ್ನ ಪ್ರೀತಿಯ ತಮ್ಮ,
ನೀಲಕಂಠ

*

ಬಿಳಿಗಲ್ಲಹುಂಡಿ
೨೭-೪-೧೯೫೫

ಚಿರಂಜೀವಿ ನೀಲಕಂಠನಿಗೆ ಅಕ್ಕ ಮರಿತಾಯಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಮೊದಲು ಹುಡುಕಿದ್ದು ಲೋಟವನ್ನು. ಹಿತ್ತಲಿನ ಮಣ್ಣಿಗೆ ನನ್ನ ಎಲೆಯಡಿಕೆ ಡಬ್ಬಿಯ ಸುಣ್ಣವನ್ನೇ ಬೆರೆಸಿ ಉಂಡೆ ಕಟ್ಟಿದೆ. ನಿಮ್ಮ ಭಾವ ಊಟವಾದ ಮೇಲೆ ಎಲೆ ಮಡಿಸಲು ಕೂತರೆ ಡಬ್ಬಿ ಖಾಲಿ. ಮೂರು ಮಕ್ಕಳ ತಾಯಿ ಮಣ್ಣಾಟ ಆಡುತ್ತಿದ್ದಾಳೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ವಾರ ಕಳೆದು ನೀರಿಗೆ ಹಾಕಿದಾಗ ಬರಿಮಣ್ಣಿನ ಉಂಡೆ ಗಂಜಿಯಾಯಿತು, ಸುಣ್ಣದ ಉಂಡೆ ಸಂಜೆಯವರೆಗೂ ಹಾಗೇ ಕೂತಿತ್ತು. ಆಗ ಅವರೂ ಬಗ್ಗಿ ನೋಡಿದರು.

ಆಮೇಲೆ ಎರಡೂ ಲೋಟ ಹಿಡಿದು, ನಮಗೆ ಅರಿಶಿನ ತಂದುಕೊಡುವ ರಾಚಮ್ಮನ ಕೇರಿಗೆ ಹೋದೆ. ಕೆಳಬಯಲಿನ ಅರಿಶಿನದ ಹೊಲಗಳೆಲ್ಲ ಆ ಕೇರಿಯವರವೇ. ನಾನು ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಆ ಕೇರಿಗೆ ಕಾಲಿಟ್ಟಿದ್ದು ಅದೇ ಮೊದಲು. ಎಲ್ಲಿ ಕೂರಿಸಬೇಕೆಂದು ತಿಳಿಯದೆ ಅವರು ಪರದಾಡಿದರು, ಎಲ್ಲಿ ಕೂರಬೇಕೆಂದು ತಿಳಿಯದೆ ನಾನು ಪರದಾಡಿದೆ. ಕೊನೆಗೆ ರಾಚಮ್ಮನ ಜಗಲಿಯ ಅಂಚಿನಲ್ಲೇ ಕೂತೆ. ಲೋಟ ನೋಡಿ ಹೆಂಗಸರೆಲ್ಲ ಬೆರಗಾದರು. ಆದರೆ ರಾಚಮ್ಮನ ಗಂಡ ಕೆಂಪಯ್ಯ ಲೋಟದ ಕಡೆ ತಿರುಗಿಯೂ ನೋಡಲಿಲ್ಲ.

"ದೀಪಾವಳಿಗಂಟ ಮಳೆ ಅದ, ಸರಿ ಕಣವ್ವ. ಆಮೇಕೆ ನೀರು ಬರ್ದೆ ಓದ್ರೆ ನಮ್ ಅರಿಸ್ನದ ಗತಿ ಏನು?" ಎಂದ.

ಮೋರಿ ಬರುತ್ತದೆ, ನನ್ನ ತಮ್ಮನೇ ಕಟ್ಟಿಸುತ್ತಾನೆ ಎಂದೆ. "ನಮ್ ನೀಲಕಂಠಪ್ಪನಾ?" ಎಂದು ಕೇಳಿದ. ಅವನ ಮುಖ ಆಗ ಸಡಿಲವಾಯಿತು. ನೀನು ಕೆರೆಯಲ್ಲಿ ನೀರು ಕುಡಿದು ಅವನ ಜುಟ್ಟು ಹಿಡಿದು ಮೇಲೆ ಬಂದ ಕಥೆಯನ್ನು ಕೇರಿಗೆಲ್ಲ ಇನ್ನೊಂದು ಸಲ ಹೇಳಿದ. ರಾಚಮ್ಮ ಮಾತ್ರ ನನ್ನನ್ನೇ ನೋಡುತ್ತ, "ಅವ್ವೋರು ನಮ್ ಕೇರಿಗಂಟ ನಡ್ಕಂಡು ಬಂದವ್ರೆ. ಅವ್ರ ಮಾತು ಸಾಕು ಬುಡು," ಎಂದಳು.

ಮಾತು ಬರಿಬಾಯಿಯದಾಗಬಾರದೆಂದು ನಮ್ಮ ತವರಿನ ಹೆಸರಿನಲ್ಲಿ ರಾಚಮ್ಮನ ಕೈಗೆ ವೀಳ್ಯ ಕೊಟ್ಟೆ. ಅವರಲ್ಲಿ ಒಂದು ಪದ್ಧತಿಯಂತೆ. ವೀಳ್ಯ ಕೊಟ್ಟು ಆಡಿದ ಮಾತು ನಡೆಯುವವರೆಗೆ ಆ ಎಲೆಯಡಿಕೆಯನ್ನು ತಿನ್ನುವುದಿಲ್ಲ, ಸೂರಿನಲ್ಲಿ ಸಿಕ್ಕಿಸಿಡುತ್ತಾರೆ. ಮೋರಿಯಲ್ಲಿ ನೀರು ಬಂದ ದಿನ ಅದನ್ನು ನೀರಿಗೆ ಬಿಡುತ್ತೇನೆ ಎಂದು ನನ್ನೆದುರಿಗೇ ಸಿಕ್ಕಿಸಿದಳು.

ನಿಮ್ಮ ಭಾವ ಏನು ಹೇಳಿದರು ಗೊತ್ತೇ? "ನಿನ್ ತಮ್ಮ ಈಗ ಸರ್ಕಾರದ ಮನ್ಸ ಕಣಮ್ಮಿ. ಮೋರಿ ಕಟ್ಟಿಸ್ತೀನಿ ಅಂತ ಒಂದು ಕಾಗ್ದ ಬರಸ್ಕೊ." ನಾನು ನಕ್ಕುಬಿಟ್ಟೆ. ಒಡಹುಟ್ಟಿದವನ ಹತ್ತಿರ ಕಾಗದ ಬರೆಸಿಕೊಂಡರೆ ಹರದನಹಳ್ಳಿಯ ಗುರುಮಲ್ಲಯ್ಯ ಮೇಷ್ಟ್ರ ಮಗಳು ಎಂದು ಹೇಳಿಕೊಳ್ಳುವುದಾದರೂ ಹೇಗೆ?

ಕಾಲುವೆ ಇವತ್ತು ಮುಚ್ಚಿದರು. ಬಂದು ನಿನ್ನ ಕೆಲಸ ಶುರು ಮಾಡು. ಊಟ ನಮ್ಮ ಮನೆಯಲ್ಲೇ.

ಇಂತಿ ನಿನ್ನ ಅಕ್ಕ,
ಮರಿತಾಯಮ್ಮ

*

ಚಾಮರಾಜನಗರ
೮-೬-೧೯೫೫

ಅಕ್ಕನಿಗೆ ನಮಸ್ಕಾರಗಳು.

ಕೆಲಸ ಮುಗಿಸಿ ಬಂದು ಮೂರು ದಿನವಾದರೂ ಕೈಯ ಸುಣ್ಣ ಹೋಗಿಲ್ಲ. ನೀನು ಹಚ್ಚಿದ ಕೊಬ್ಬರಿ ಎಣ್ಣೆಯಿಂದ ಉರಿ ಮಾತ್ರ ಕಡಿಮೆಯಾಗಿದೆ. ಹೆಂಟೆ ಒಡೆದ ಹೆಂಗಸರ ಕೈಗಳೂ ಸುಟ್ಟಿದ್ದವು, ಅವರಿಗೂ ನೀನು ಎಣ್ಣೆ ಕೊಟ್ಟದ್ದನ್ನು ಕಂಡೆ. ರೋಲರ್ ಹೊಡೆದ ಮೇಲೆ ಹುಲ್ಲು ಹೊದಿಸಿ ನೀರು ಚಿಮುಕಿಸಿದ್ದು ಸರಿಯಾಗಿ ಹಿಡಿದಿದೆ. ಅದರ ಮೇಲಿನ ಗರಸು, ಜಲ್ಲಿ ಎಲ್ಲ ಚೆನ್ನಾಗಿ ಕೂತಿವೆ. ರಸ್ತೆಯ ಎರಡೂ ಪಕ್ಕದ ಚರಂಡಿಯಲ್ಲಿ ಕಸ ತುಂಬದಂತೆ ಊರಿನವರಿಗೆ ಹೇಳು. ನೀರು ನಿಂತರೆ ಪಕ್ಕದಿಂದ ನುಸುಳಿ ತಳವನ್ನು ಮೆತ್ತಗೆ ಮಾಡುತ್ತದೆ. ನೀರು ಹರಿಯುವ ಜಾಗದಲ್ಲಿ ಸುಣ್ಣದ ಗಾರೆ ಬಳಿದರೆ ಮಾತ್ರ ಅದರ ಆಟ ನಡೆಯುವುದಿಲ್ಲ.

ಮೋರಿಯ ವಿಷಯ ಕೇಳಿದ್ದೆಯಲ್ಲ. ಚಪ್ಪಡಿ ಬರಬೇಕು.

ಇಂತಿ ನಿನ್ನ ತಮ್ಮ,
ನೀಲಕಂಠ

*

ಬಿಳಿಗಲ್ಲಹುಂಡಿ
೨೩-೯-೧೯೫೫

ಚಿರಂಜೀವಿ ನೀಲಕಂಠನಿಗೆ ಆಶೀರ್ವಾದಗಳು.

ಗೌರಿ ಹಬ್ಬಕ್ಕೆ ನೀನು ಕಳಿಸಿದ ಬಾಗಿನ ಬಂತು. ಸೀರೆಯ ಬಣ್ಣ ನನ್ನ ವಯಸ್ಸಿಗೆ ಸ್ವಲ್ಪ ಹೆಚ್ಚಾಯಿತು, ಆದರೂ ಉಟ್ಟೆ. ಅಂಗಡಿಯ ಅರಿಶಿನವನ್ನು ಯಾಕೆ ಕಟ್ಟಿ ಕಳಿಸಿದೆ? ಪ್ರತಿವರ್ಷ ರಾಚಮ್ಮ ತನ್ನ ಹೊಲದ ಮೊದಲ ಕೊಂಬುಗಳನ್ನು ಹಿತ್ತಿಲ ಬಾಗಿಲಿಗೆ ತಂದುಕೊಡುತ್ತಾಳೆ, ವರ್ಷವಿಡೀ ಅದೇ ನನ್ನ ಕೆನ್ನೆಗೆ.

ಇಡೀ ತಿಂಗಳು ಮಳೆ. ನಿನ್ನ ರಸ್ತೆ ಒಂದು ಗೇಣೂ ಕುಸಿಯಲಿಲ್ಲ ಕಣೋ. ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಬಸ್ಸು ಹೂತುಕೊಳ್ಳುವುದನ್ನು ನೋಡಲು ಅರ್ಧ ಊರು ಬಂದು ನಿಂತಿತ್ತು. ಬಸ್ಸು ಸುಮ್ಮನೆ ಹೋಗಿಬಿಟ್ಟಿತು. ಬಸ್ಸು ದಬ್ಬಿ ಕಾಫಿಗೆ ಕಾಸು ಗಿಟ್ಟಿಸುತ್ತಿದ್ದ ಹುಡುಗರು ನಿನಗೆ ಶಾಪ ಹಾಕಿದರು. ನಾನು ಆ ದಿನ ಮನೆಗೆ ಬಂದು ಅಪ್ಪನ ಪಟಕ್ಕೆ ಹೂ ಇಟ್ಟೆ.

ಮೋರಿ ಎಲ್ಲಿ? ದೀಪಾವಳಿಗೆ ಇನ್ನೆಷ್ಟು ದಿನ ಇದೆ ಎಂದು ನೀನೇ ಎಣಿಸಿ ನೋಡು. ರಾಚಮ್ಮ ಸಿಕ್ಕಾಗೆಲ್ಲ, "ಚಪ್ಡಿ ಬಂದ್ವಾ ಅವ್ವ?" ಎನ್ನುತ್ತಾಳೆ. ಇನ್ನೂ ಒಂದು ವಿಷಯ ನನಗೆ ಇರಿಸುಮುರಿಸು ಮಾಡುತ್ತಿದೆ. ಕಾಲುವೆ ಮುಚ್ಚಿದ ಮೇಲೆ ಆ ನೀರು ಮೇಲುಬಯಲಿಗೆ ತಿರುಗಿದೆ. ಮೇಲುಬಯಲು ಎಂದರೆ ನಂಜಯ್ಯನವರ ಗದ್ದೆ, ಅದರ ಪಕ್ಕದಲ್ಲಿ ನಮ್ಮದೇ ಗದ್ದೆ. ಈ ವರ್ಷ ನಮ್ಮ ಭತ್ತ ಎದೆಮಟ್ಟ ಬಂದಿದೆ. ನಿಮ್ಮ ಭಾವ ಬದುವಿನ ಮೇಲೆ ನಿಂತು ನೋಡುತ್ತಾರೆ. ಬೇಗ ಬಾ.

ಇಂತಿ ನಿನ್ನ ಅಕ್ಕ,
ಮರಿತಾಯಮ್ಮ

*

ಚಾಮರಾಜನಗರ
೩-೧೧-೧೯೫೫

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಮೂರು ಪತ್ರಗಳೂ ಬಂದಿವೆ. ಕೆಲಸದ ಗಡಿಬಿಡಿಯಲ್ಲಿ ಉತ್ತರ ಬರೆಯಲಾಗಲಿಲ್ಲ. ಮೋರಿ ನನ್ನೊಬ್ಬನ ಕೈಯಲ್ಲಿಲ್ಲ, ಮೇಲಿನವರ ಮಂಜೂರಾತಿ ಆಗಬೇಕು. ದೀಪಾವಳಿ ಕಳೆದ ಮೇಲೆ ದೊಡ್ಡ ಇಂಜಿನಿಯರು ರಸ್ತೆ ನೋಡಲು ನಿಮ್ಮೂರಿಗೆ ಬರುತ್ತಾರೆ. ಶಾಲೆಯ ಮುಂದೆ ಸಣ್ಣ ಸಭೆ. ನೀನು ತಪ್ಪದೆ ಬರಬೇಕು, ಮುಂದಿನ ಸಾಲಿನಲ್ಲಿ ಕೂರಬೇಕು. ಹಬ್ಬದ ಸೀರೆಯನ್ನೇ ಉಟ್ಟುಕೊ.

ಇಂತಿ,
ನೀಲಕಂಠ

*

ಬಿಳಿಗಲ್ಲಹುಂಡಿ
೨೮-೧೧-೧೯೫೫

ನೀಲಕಂಠನಿಗೆ,

ಸಭೆ ಮುಗಿದ ಮೇಲೆ ನೀನು ಜೀಪು ಹತ್ತಿ ಹೋಗಿಬಿಟ್ಟೆ. ನನ್ನ ಮನೆಯ ಬಾಗಿಲು ಅಲ್ಲಿಂದ ಕೂಗಳತೆಯಲ್ಲಿತ್ತು. ಅಂದು ನಿನಗೆ ಹೇಳಬೇಕಾಗಿದ್ದನ್ನು ಇಂದು ಬರೆಯುತ್ತಿದ್ದೇನೆ.

ಇಂಜಿನಿಯರು ಬರುತ್ತಾರೆ ಎಂದು ನೀನು ಬರೆದಾಗ ನಾನೇನು ಮಾಡಿದೆ ಗೊತ್ತೇ? ರಾಚಮ್ಮನ ಕೇರಿಗೆ ಹೋಗಿ, ಮೋರಿಯ ಮಾತನ್ನು ಆ ದಿನ ಎಲ್ಲರೆದುರು ಹೇಳುತ್ತಾರೆ, ಬನ್ನಿ ಎಂದು ಕರೆದೆ. ಕೇರಿಯವರೆಲ್ಲ ಬಂದು ಚಪ್ಪರದ ಹೊರಗೆ ಬಿಸಿಲಲ್ಲಿ ನಿಂತಿದ್ದರು. ರಾಚಮ್ಮ ಸೊಂಟಕ್ಕೆ ಆ ವೀಳ್ಯವನ್ನು ಸಿಕ್ಕಿಸಿಕೊಂಡು ಬಂದಿದ್ದಳು. ನಾನು ನೀನು ಹೇಳಿದಂತೆ ಹಬ್ಬದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ.

ಇಂಜಿನಿಯರು ಎದ್ದು ನಿಂತು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ರಸ್ತೆಗೆ ನೀರೇ ಶತ್ರು. ಅದನ್ನರಿತು ಈ ಊರಿನ ಜನ ತಮ್ಮ ಕಾಲುವೆಯನ್ನೇ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ. ಅಡ್ಡ ಹರಿಯುವ ನೀರಿಲ್ಲದ್ದರಿಂದಲೇ ಈ ಪ್ರಯೋಗಕ್ಕೆ ನಿಮ್ಮೂರನ್ನು ಆರಿಸಿದೆವು. ಜನರನ್ನು ಒಪ್ಪಿಸಿದ ಮಹಾತಾಯಿ ಇಲ್ಲೇ ಇದ್ದಾರೆ," ಎಂದರು. ಆಮೇಲೆ ನನ್ನನ್ನು ಹೆಸರು ಹಿಡಿದು ಕರೆದರು.

ನಾನು ಎದ್ದು ಹೋಗಿಬಿಟ್ಟೆ ನೋಡು. ಕಾಲು ತಾನಾಗಿಯೇ ಹೋಯಿತು. ಚೆಂಡುಹೂವಿನ ಹಾರ ನಿನ್ನ ಕೈಯಲ್ಲಿತ್ತು. ನೀನು ಅದನ್ನು ಅವರಿಗೆ ಕೊಟ್ಟೆ, ಅವರು ನನ್ನ ಕೈಗೆ ಕೊಟ್ಟರು. ನಂಜಯ್ಯನವರೂ ಮೇಲುಬಯಲಿನ ಗಂಡಸರೆಲ್ಲರೂ ಚಪ್ಪಾಳೆ ತಟ್ಟಿದರು. ನೀನು ನಿನ್ನ ಬೂಟು ನೋಡುತ್ತಿದ್ದೆ.

ಚಪ್ಪರದ ಹೊರಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಶ್ವತ ಎಂದರೇನೆಂದು ಕೆಂಪಯ್ಯ ಪಕ್ಕದವನನ್ನು ಕೇಳಿದ. ಅವನು ಹೇಳಿದ. ರಾಚಮ್ಮ ನನ್ನನ್ನೊಮ್ಮೆ, ನನ್ನ ಕೈಯ ಹಾರವನ್ನೊಮ್ಮೆ ನೋಡಿ, "ಬಾ, ಓಗನ," ಎಂದು ಗಂಡನ ತೋಳು ಹಿಡಿದು ನಡೆದಳು. ಹಿಂದೆಯೇ ಕೇರಿಯವರೆಲ್ಲ ಹೋದರು.

ಈಗ ಊರಿನಲ್ಲಿ ಆಡುತ್ತಿರುವ ಮಾತು ಕೇಳು. ಅಕ್ಕ ತಮ್ಮ ಸೇರಿ ಕೆಳಬಯಲಿನ ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಂಡರು, ಮೇಲೆ ಹಾರವನ್ನೂ ಹಾಕಿಸಿಕೊಂಡರು ಎನ್ನುತ್ತಾರೆ. ಇದನ್ನು ಸುಳ್ಳು ಎನ್ನಲು ನನ್ನ ಹತ್ತಿರ ಏನಿದೆ? ನೀರು ನಮ್ಮ ಗದ್ದೆಯಲ್ಲೇ ನಿಂತಿದೆ. ಹಾರ ನಮ್ಮ ಮನೆಯ ಮೊಳೆಯಲ್ಲೇ ತೂಗುತ್ತಿದೆ, ಬಿಸಾಡಲು ಯಾರೂ ಕೈ ಹಾಕುತ್ತಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ಏಪ್ರಿಲ್‌ನಲ್ಲಿ ನನಗೆ ಪತ್ರ ಬರೆಯುವಾಗ ಮೋರಿ ಬರುವುದಿಲ್ಲ ಎಂದು ನಿನಗೆ ಗೊತ್ತಿತ್ತೇ?

ಮರಿತಾಯಮ್ಮ

*

ಚಾಮರಾಜನಗರ
೭-೧೨-೧೯೫೫

ಅಕ್ಕನಿಗೆ ನಮಸ್ಕಾರಗಳು.

ನೀನು ಕೇಳಿದ್ದಕ್ಕೆ ಉತ್ತರ, ಗೊತ್ತಿತ್ತು.

ನೀರು ಅಡ್ಡ ಹರಿಯದ ತುಂಡು ರಸ್ತೆ ಇದ್ದರೆ ಮಾತ್ರ ಸುಣ್ಣದ ಕೆಲಸಕ್ಕೆ ಒಪ್ಪಿಗೆ ಎಂದು ಮೇಲಿನವರು ಹೇಳಿದ್ದರು. ಕಾಲುವೆ ಇದೆ, ಮೋರಿ ಬೇಕು ಎಂದಿದ್ದರೆ ಈ ಕೆಲಸ ಇನ್ನೊಂದು ತಾಲ್ಲೂಕಿಗೆ, ಇನ್ನೊಬ್ಬ ಓವರ್ಸಿಯರನಿಗೆ ಹೋಗುತ್ತಿತ್ತು. ಊರಿನವರು ಕಾಲುವೆ ಬಿಟ್ಟುಕೊಟ್ಟಿದ್ದಾರೆ ಎಂದು ನಾನೇ ಹೇಳಿದೆ. ಮೊದಲು ರಸ್ತೆ ಗೆಲ್ಲಲಿ, ಗೆದ್ದ ಮೇಲೆ ಮೋರಿ ಕೇಳಿದರೆ ಇಲ್ಲ ಎನ್ನಲಾರರು ಎಂದುಕೊಂಡಿದ್ದೆ. ಗೆದ್ದ ಮೇಲೆ ಈ ತುಂಡನ್ನು ಮುಟ್ಟಲೇಬಾರದು, ಮಾದರಿಯಾಗಿ ಉಳಿಯಬೇಕು ಎಂದರು. ಆಮೇಲೆ ನಾನು ಮೋರಿ ಕೇಳಲಿಲ್ಲ.

ಆದರೆ ನೀನೂ ಸ್ವಲ್ಪ ಯೋಚಿಸು. ಮೋರಿಯ ಸಂದಿಯಲ್ಲಿ ನೀರ ಹನಿ ನುಸುಳಿದರೂ ತಳ ಮೆತ್ತಗಾಗಿ ಎಲ್ಲ ಹೋಗುತ್ತದೆ. ಈ ಅರ್ಧ ಮೈಲಿ ನೋಡಿಯೇ ಮುಂದಿನ ನಲವತ್ತು ಮೈಲಿ ಮಾಡುತ್ತಾರೆ. ಎಷ್ಟೋ ಊರಿನ ಬಸುರಿಯರು ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲುಪುತ್ತಾರೆ. ಅದರ ಮುಂದೆ ನಾಲ್ಕಾರು ಅರಿಶಿನದ ಹೊಲ ಯಾವ ಲೆಕ್ಕ? ಕೆಂಪಯ್ಯನಿಗೆ ರಸ್ತೆ ಗ್ಯಾಂಗಿನಲ್ಲಿ ಕೆಲಸ ಕೊಡಿಸುತ್ತೇನೆ. ನೀನೇ ಹೇಳಿ ಒಪ್ಪಿಸು.

ಇಂತಿ ನಿನ್ನ ತಮ್ಮ,
ನೀಲಕಂಠ

*

ಬಿಳಿಗಲ್ಲಹುಂಡಿ
೧೬-೧೨-೧೯೫೫

ನೀಲಕಂಠನಿಗೆ,

ಯಾವ ಲೆಕ್ಕ ಎಂದು ಕೇಳಿದ್ದೀಯ. ಹೊಲದ ಲೆಕ್ಕ ನೀನು ರಾಚಮ್ಮನ ಹತ್ತಿರ ಕೇಳಬೇಕು. ನನ್ನ ಲೆಕ್ಕ ನಾನು ಹೇಳುತ್ತೇನೆ. ನನ್ನನ್ನು ಸೇತುವೆ ಮಾಡಿಕೊಂಡು ದಾಟಿದೆ, ದಾಟಿದ ಮೇಲೆ ಕಿತ್ತು ಹಾಕಿದೆ. ನೀನು ಬೇರೆ ಯಾರನ್ನಾದರೂ ಕಳಿಸಿದ್ದರೆ ಕೆಂಪಯ್ಯ ಒಪ್ಪುತ್ತಿರಲಿಲ್ಲ. ಅದು ನಿನಗೆ ಗೊತ್ತಿದ್ದೇ ನನ್ನನ್ನು ಕಳಿಸಿದೆ.

ಮೊನ್ನೆ ರಾಚಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಕೈಯಲ್ಲಿ ನಾನು ಕೊಟ್ಟಿದ್ದ ವೀಳ್ಯ ಇತ್ತು. ಎಲೆ ಒಣಗಿ ಪುಡಿಯಾಗಿತ್ತು, ಅಡಿಕೆ ಮಾತ್ರ ಹಾಗೇ ಇತ್ತು. ಹೊಸ್ತಿಲ ಮೇಲಿಟ್ಟು, "ತಕ್ಕಳಿ ಅವ್ವ, ನಿಮ್ದು ನಿಮ್ಗೆ," ಎಂದಳು. ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವಳು ಕೂಗಾಡಲಿಲ್ಲ. ಅರಿಶಿನ ಹೇಗಿದೆ ಎಂದು ಕೇಳಿದೆ. ಸೊಪ್ಪು ಆಗಲೇ ಹಳದಿಯಾಗಿ ಮಲಗಿದೆ, ಗೆಡ್ಡೆ ಕಿರುಬೆರಳಷ್ಟೂ ಆಗಿಲ್ಲ, ಇನ್ನೊಂದು ತಿಂಗಳು ನೀರು ಸಿಕ್ಕರೆ ಬಿತ್ತನೆಗಾದರೂ ಉಳಿಯುತ್ತದೆ ಎಂದಳು. ಗ್ಯಾಂಗಿನ ಕೆಲಸದ ಮಾತನ್ನು ನಾನು ಎತ್ತಲಿಲ್ಲ. ಎತ್ತುವಷ್ಟು ನಾಚಿಕೆಗೆಟ್ಟಿಲ್ಲ.

ಆ ವೀಳ್ಯವನ್ನು ಮತ್ತೆ ಅವಳ ಕೈಗೇ ಇಟ್ಟೆ. ಮುಂದಿನ ಶುಕ್ರವಾರ ನಾವು ರಸ್ತೆ ಅಗೆಯುತ್ತೇವೆ. ಕತ್ತಲಲ್ಲಿ ಕದ್ದು ಅಗೆಯುವುದಿಲ್ಲ, ಹಗಲು ಹೊತ್ತಿನಲ್ಲಿ, ಬಸ್ಸು ಓಡಾಡುವಾಗಲೇ. ಒಂದು ಕಾಲುವೆ ಅಗಲ ಮಾತ್ರ. ನೀನು ನನಗೆ ಮೊದಲೇ ಹೇಳಲಿಲ್ಲ, ನಾನು ನಿನಗೆ ಮೊದಲೇ ಹೇಳುತ್ತಿದ್ದೇನೆ. ತಡೆಯಬೇಕು ಎನಿಸಿದರೆ ಬಂದು ನನ್ನ ಕೈ ಹಿಡಿದು ತಡೆ. ಮೋರಿ ಕಟ್ಟಿಸಬೇಕು ಎನಿಸಿದರೆ ಬಂದು ಜೊತೆಗೆ ನಿಲ್ಲು. ಎರಡರಲ್ಲಿ ಯಾವುದಕ್ಕೆ ಬಂದರೂ ಊಟಕ್ಕೆ ಎಲೆ ಹಾಕುತ್ತೇನೆ.

ಮರಿತಾಯಮ್ಮ

*

ಚಾಮರಾಜನಗರ
೨೦-೧೨-೧೯೫೫

ಅಕ್ಕ,

ನಿನ್ನ ಕಾಲಿಗೆ ಬೀಳುತ್ತೇನೆ, ಬೇಡ. ಜನವರಿಯಲ್ಲಿ ಬೆಂಗಳೂರಿನಿಂದ ನೋಡಲು ಬರುವವರಿದ್ದಾರೆ. ಅವರು ಬಂದು ಹೋಗಲಿ. ಆಮೇಲೆ ನಾನೇ ಬರುತ್ತೇನೆ.

ನೀಲಕಂಠ

*

ಬಿಳಿಗಲ್ಲಹುಂಡಿ
೨೬-೧೨-೧೯೫೫

ನೀಲಕಂಠನಿಗೆ,

ಶುಕ್ರವಾರ ಬೆಳಗಿನ ಬಸ್ಸಿಗೂ ನೋಡಿದೆ, ಮಧ್ಯಾಹ್ನದ ಬಸ್ಸಿಗೂ ನೋಡಿದೆ. ನೀನು ಇಳಿಯಲಿಲ್ಲ.

ನಿಮ್ಮ ಭಾವ ಆ ದಿನ ಬೆಳಿಗ್ಗೆಯೇ ಗದ್ದೆಗೆ ಹೋಗಿದ್ದರು. ನನ್ನನ್ನು ತಡೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಆದರೆ ಅಟ್ಟದ ಮೇಲಿದ್ದ ಹಾರೆ ಬಾಗಿಲಿನ ಹೊರಗೆ ಗೋಡೆಗೆ ಒರಗಿತ್ತು. ಮೊದಲ ಏಟು ನಾನೇ ಹಾಕಿದೆ. ಜಲ್ಲಿ, ಗರಸು ಸುಲಭವಾಗಿ ಬಂದವು. ಅದರ ಕೆಳಗಿನ ನಿನ್ನ ಸುಣ್ಣದ ಮಣ್ಣಿಗೆ ತಗುಲಿದ ಹಾರೆ ಠಣ್ ಎಂದು ಚಿಮ್ಮಿ ನನ್ನ ಮೊಣಕೈವರೆಗೂ ಜುಮ್ಮೆಂದಿತು.

"ಏನವ್ವ ಇದು, ಬಂಡೆ ಆಗೋಗದ," ಎಂದಳು ರಾಚಮ್ಮ.

"ನನ್ನ ತಮ್ಮ ಕಟ್ಟಿದ್ದು," ಎಂದೆ. ಹೆಮ್ಮೆಯಿಂದಲೇ ಬಾಯಿಗೆ ಬಂದುಬಿಟ್ಟಿತು. ಬಂದಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟು ಮಳೆ ಕುಡಿದ ಎರೆಭೂಮಿಯ ನಡುವೆ ಆ ಮಣ್ಣು ಒಣಗಿ, ಬೆಳ್ಳಗೆ, ಉಗುರು ನಾಟದ ಹಾಗೆ ಕೂತಿತ್ತು. ನೀನು ಕೆಟ್ಟ ಕೆಲಸ ಮಾಡಿದ್ದಿದ್ದರೆ ನಮಗೆ ಎರಡು ಗಳಿಗೆಯ ಕೆಲಸವಾಗುತ್ತಿತ್ತು. ಒಳ್ಳೆಯ ಕೆಲಸ ಮಾಡಿದ್ದೀಯ, ಆದ್ದರಿಂದ ಕೆಂಪಯ್ಯನ ಅಂಗೈ ಸುಲಿದು ರಕ್ತ ಬಂತು.

ಬಸ್ಸಿಗೆ ತೊಂದರೆಯಾಗದಂತೆ ಅರ್ಧ ರಸ್ತೆ ಅಗೆದು ಚಪ್ಪಡಿ ಮುಚ್ಚಿ, ಆಮೇಲೆ ಉಳಿದರ್ಧ ಅಗೆದೆವು. ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಚಪ್ಪಡಿಗಳನ್ನೂ ಜಗಲಿಯ ಚಪ್ಪಡಿಗಳನ್ನೂ ಕೀಳಿಸಿ ಹೊದಿಸಿದ್ದೇನೆ. ನೀರು ತಾಗುವ ಕಡೆಗೆಲ್ಲ ಸುಣ್ಣದ ಗಾರೆ ಬಳಿದೆವು, ನಿನ್ನ ಜೂನ್ ತಿಂಗಳ ಪತ್ರದಲ್ಲಿದ್ದ ಹಾಗೆಯೇ. ಎರಡು ದಿನ ಬಿಟ್ಟು ನಿನ್ನೆ ನೀರು ಬಿಟ್ಟರು. ರಾಚಮ್ಮ ಆ ಅಡಿಕೆಯನ್ನೂ ಎಲೆಯ ಪುಡಿಯನ್ನೂ ನೀರಿಗೆ ಬಿಟ್ಟಳು. ನನ್ನ ಕಡೆ ನೋಡದೆ ನೀರಿನ ಹಿಂದೆಯೇ ಹೊಲಕ್ಕೆ ನಡೆದಳು. ಅವಳು ಅಷ್ಟು ಬೇಗ ಕರಗಬೇಕೆಂದು ನಾನೂ ಕೇಳುವುದಿಲ್ಲ.

ನನ್ನ ಗಾರೆ ಮಳೆಗಾಲಕ್ಕೆ ನಿಲ್ಲುತ್ತದೋ ಇಲ್ಲವೋ ನನಗೆ ತಿಳಿಯದು. ತಿಳಿದವನು ನೀನು. ಬಂದು ನೋಡಿ ಸರಿ ಮಾಡಲು ಇನ್ನೂ ಸಮಯ ಇದೆ.

ನಿನ್ನ ಅಕ್ಕ,
ಮರಿತಾಯಮ್ಮ

*

ಚಾಮರಾಜನಗರ
೧೧-೧-೧೯೫೬

ಶ್ರೀಮತಿ ಮರಿತಾಯಮ್ಮನವರಿಗೆ,

ರಸ್ತೆ ಅಗೆದವರು ಯಾರೆಂದು ಮೇಲಿನವರು ವಿವರಣೆ ಕೇಳಿದರು. ಕೆಳಬಯಲಿನ ಕೆಂಪಯ್ಯ ಮತ್ತು ಅವನ ಕಡೆಯವರು ಎಂದು ತಿಳಿಸಿದ್ದೇನೆ. ತಮ್ಮ ಹೆಸರು ಎಲ್ಲಿಯೂ ಬಾರದಂತೆ ನೋಡಿಕೊಂಡಿದ್ದೇನೆ. ಠಾಣೆಯವರು ಊರಿಗೆ ಬಂದಾಗ ತಾವು ಮನೆಯಿಂದ ಹೊರಗೆ ಬಾರದಿರುವುದು ಒಳ್ಳೆಯದು. ನಮ್ಮ ತಂದೆಯವರ ಹೆಸರಿನ ಮರ್ಯಾದೆಯೂ ಇದರಲ್ಲಿದೆ. ಅಗೆದ ಜಾಗವನ್ನು ಇಲಾಖೆಯ ವತಿಯಿಂದ ಮುಚ್ಚಿಸಲಾಗುವುದು.

ಅಕ್ಕ, ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ.

ಇಂತಿ,
ಎಚ್. ಜಿ. ನೀಲಕಂಠಸ್ವಾಮಿ
ಓವರ್ಸಿಯರ್

*

ಬಿಳಿಗಲ್ಲಹುಂಡಿ
೧೯-೧-೧೯೫೬

ನೀಲಕಂಠಸ್ವಾಮಿಗೆ,

ನಿನ್ನ ಪತ್ರ ಬರುವುದಕ್ಕೆ ಮೊದಲೇ ಠಾಣೆಯವರು ಬಂದು ಕೆಂಪಯ್ಯನನ್ನು ಕರೆದುಕೊಂಡು ಹೋದರು. ಅವನು ಹೋಗುವಾಗ ನನ್ನ ಮನೆಯ ಮುಂದೆಯೇ ಹೋದ. "ನೀಲಕಂಠಪ್ಪಂಗೆ ಒಂದ್ ಮಾತು ಏಳ್ಕಳಿಸಿ ಅವ್ವ. ಅವ್ರು ಬಂದು ನಮ್ಮೋನು ಅಂದ್ರೆ ಬುಟ್ಬುಡ್ತಾರೆ," ಎಂದ. ಹೆಸರು ಕೊಟ್ಟವನು ನೀನೇ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಗಲಿ ಎಂದೆ. ನಿನ್ನನ್ನು ಕರೆಸಲು ಪತ್ರ ಬರೆಯಲು ಕೂತಿದ್ದಾಗಲೇ ಅಂಚೆಯವನು ಬಂದ.

ನಿನ್ನ ಪತ್ರ ಓದಿದೆ. ಆಮೇಲೆ ನಿಮ್ಮ ಭಾವನಿಗೆ ಓದಿ ಹೇಳಿದೆ. ಅವರು ಎದ್ದು ಗಾಡಿ ಕಟ್ಟಿದರು.

ಠಾಣೆಯಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿದರು. ರಸ್ತೆಗೆ ಮೊದಲ ಹಾರೆ ಹಾಕಿದವಳು ನಾನು, ಚಪ್ಪಡಿಗಳೂ ನನ್ನ ಮನೆಯವು, ಬೇಕಿದ್ದರೆ ಬಂದು ನನ್ನ ಹಿತ್ತಿಲು ನೋಡಿ ಎಂದೆ. ಅವರು ನಂಬಲಿಲ್ಲ. ದೊಡ್ಡ ಮನೆಯ ಹೆಂಗಸು ಆಳಿನ ಸಲುವಾಗಿ ಬಂದಿದ್ದಾಳೆ ಎಂದುಕೊಂಡು, ಮನೆಗೆ ಹೋಗಿ ತಾಯಿ ಎಂದರು. ಓವರ್ಸಿಯರೇ ಕೆಂಪಯ್ಯನ ಹೆಸರು ಹೇಳಿದ್ದಾರಲ್ಲ, ಅವರಿಗೇಕೆ ಸುಳ್ಳು ಹೇಳಬೇಕು, ಅವರು ನಿಮಗೇನಾಗಬೇಕು ಎಂದು ಕೇಳಿದರು.

ಯಾರೂ ಅಲ್ಲ ಎಂದುಬಿಟ್ಟರೆ ಎಲ್ಲ ಹಗುರವಾಗುತ್ತದೆ ಎನಿಸಿತು. ನಾಲಗೆ ಹೊರಳಲಿಲ್ಲ. "ನನ್ನ ತಮ್ಮ. ನಾನು ಸಾಕಿದವನು," ಎಂದೆ. ಬರೆದುಕೊಳ್ಳುತ್ತಿದ್ದವನು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಸಂಜೆಗೆ ಕೆಂಪಯ್ಯನನ್ನು ಬಿಟ್ಟರು. ನನ್ನ ಹೆಸರು ಬರೆದುಕೊಂಡರು. ಬರುವಾಗ ಗಾಡಿಯಲ್ಲಿ ಅವನಿಗೆ ನಿನ್ನ ಪತ್ರದ ವಿಷಯ ಹೇಳಿದೆ. ಮುಚ್ಚಿಡುವುದನ್ನು ನಾನು ಕಲಿಯಲಿಲ್ಲ. ಅವನು, "ಆ ಮಗ ನನ್ ಜುಟ್ಟು ಇಡ್ಕಂಡಿದ್ದ ಕಣವ್ವ," ಎಂದ.

ಇನ್ನು ನಿನ್ನನ್ನು ಕರೆಸಿ ಕೇಳುತ್ತಾರೆ. ಮರಿತಾಯಮ್ಮ ಎಂಬವಳು ಹೀಗೆ ಹೇಳುತ್ತಾಳೆ, ಅವಳು ನಿಮಗೇನಾಗಬೇಕು ಎನ್ನುತ್ತಾರೆ. ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ನನ್ನ ಪಾಲಿನ ಉತ್ತರವನ್ನು ನಾನು ಹೇಳಿ ಬಂದಿದ್ದೇನೆ.

ಕಾಲುವೆ ಮುಚ್ಚಲು ಇನ್ನೂ ಯಾರೂ ಬಂದಿಲ್ಲ. ಬಂದರೆ ನಾನು ಆ ಚಪ್ಪಡಿಯ ಮೇಲೆ ಕೂತಿರುತ್ತೇನೆ. ಮುಂದಿನ ಗೌರಿಗೆ ಬಾಗಿನ ಕಳಿಸಬೇಡ. ರಾಚಮ್ಮ ಅರಿಶಿನ ಕೊಟ್ಟರೆ ಹಚ್ಚಿಕೊಳ್ಳುತ್ತೇನೆ, ಕೊಡದಿದ್ದರೆ ಬರಿಗೆನ್ನೆಯಲ್ಲೇ ಹಬ್ಬ ಮಾಡುತ್ತೇನೆ. ಗಂಡ ಇದ್ದೂ ಹೀಗೇಕೆ ಎಂದು ಯಾರಾದರೂ ಕೇಳಿದರೆ ತವರಿನಿಂದ ಬರಲಿಲ್ಲ ಎನ್ನುತ್ತೇನೆ.

ನಿನ್ನೆ ನೀರು ಹರಿಯುವಾಗ ಚಪ್ಪಡಿಯ ಸಂದಿಯಲ್ಲಿ ಕೈಯಿಟ್ಟು ಪಕ್ಕದ ಮಣ್ಣು ಮುಟ್ಟಿ ನೋಡಿದೆ. ನಿನ್ನ ರಸ್ತೆ ಒಣಗಿಯೇ ಇದೆ.

ಬಿಳಿಗಲ್ಲಹುಂಡಿ ಶಿವಮಲ್ಲಪ್ಪನವರ ಹೆಂಡತಿ,
ಮರಿತಾಯಮ್ಮ